ಬಂಗಾರದ ಕೋಣೆಯ ಆಫೀಸರ್

ಚಿನ್ನದ ಗಣಿಯಲ್ಲಿ ನನ್ನದು ಇಪ್ಪತ್ತೆರಡು ವರ್ಷದ ಸರ್ವಿಸು. ಚಿನ್ನ ಕರಗಿಸಿ ಗಟ್ಟಿ ಹೊಯ್ಯುವ ಕೋಣೆಯಲ್ಲಿ ಕಸ ಗುಡಿಸುತ್ತೇನೆ. ಕೇವಲವೆಂದು ತಿಳಿಯಬೇಡಿ. ಆ ಕಸವನ್ನೂ ತೂಕ ಹಾಕಿ, ಬೀಗದೊಳಗಿಟ್ಟು, ಮತ್ತೆ ಕರಗಿಸುತ್ತಾರೆ. ನನ್ನ ಕಸಕ್ಕಿರುವ ಮರ್ಯಾದೆ ನನಗಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಬಂಗಾರದ ನಡುವೆ ಬಾಳಿದರೂ ನನಗೆ ಹಿಡಿದದ್ದು ಬೆಳ್ಳಿಯ ಚಟ. ಮಗಳು ಚಿಕ್ಕವಳಿದ್ದಾಗ, "ಅಪ್ಪ, ಅಲ್ಲಿ ನೀನು ಏನು ಕೆಲಸ ಮಾಡ್ತೀಯ?" ಎಂದು ಕೇಳಿದ್ದಳು. ಪೊರಕೆ ಎನ್ನಲು ನಾಲಿಗೆ ಹೊರಳಲಿಲ್ಲ. "ಆಫೀಸರ್ ಕಣಮ್ಮ" ಎಂದುಬಿಟ್ಟೆ. ಅವಳು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಳು. ಮಾಡಿದ್ದುಣ್ಣೋ ಮಹಾರಾಯ. ದೇಶದ ಆರ್ಥಿಕತೆಯಲ್ಲಿ ಚಿನ್ನದ ಪಾತ್ರ ಕುರಿತು ಏಳನೇ ತರಗತಿಗೆ ಮಾತಾಡಲು ಬನ್ನಿ ಎಂದು ಈ ವರ್ಷ ಅವಳ ಟೀಚರ್ ಚೀಟಿ ಕಳಿಸಿದರು.

"ಬರಕ್ಕಾಗಲ್ಲ ಅಂದ್ಬಿಡಿ" ಎಂದಳು ಹೆಂಡತಿ. "ನೀವು ಸಿಕ್ಕಿಬಿದ್ರೆ ಆ ಮಗು ನಾಳೆ ಶಾಲೇಲಿ ತಲೆ ಎತ್ತೋದು ಹೇಗೆ?"

ಹೆದರಿಕೆ ನನಗೂ ಇತ್ತು. ಆದರೆ ಮಾತಾಡಲು ಕರೆದರೆ ಬಿಡುವ ಆಸಾಮಿಯೇ ನಾನು? ಇಸ್ತ್ರಿ ಅಂಗಿ ತೊಟ್ಟು ಹೋದೆ.

ಗುಡಿಸುತ್ತ ಗುಡಿಸುತ್ತ ಕೇಳಿದ್ದ ಮ್ಯಾನೇಜರ್ ಸಾಹೇಬರ ಭಾಷಣಗಳು ಕೈಹಿಡಿದವು. ಹೊರದೇಶದಿಂದ ಬರುವ ಪೆಟ್ರೋಲು, ಔಷಧಿ, ಬಸ್ಸಿನ ಟೈರು ಎಲ್ಲಕ್ಕೂ ಡಾಲರ್ ಬೇಕು, ಅದರಲ್ಲಿ ಅರ್ಧ ನಮ್ಮ ಚಿನ್ನ ಮಾರಿಯೇ ಬರುವುದು ಎಂದು ಸಾಹೇಬರ ಧಾಟಿಯಲ್ಲೇ ಉಬ್ಬಿಸಿ ಹೇಳಿದೆ. ಮುಂದಿನ ಬೆಂಚಿನಲ್ಲಿ ಮಗಳು ಬೀಗುತ್ತ ಕೂತಿದ್ದಳು. ಹುಡುಗಿಯೊಬ್ಬಳು ಎದ್ದು, "ಅಂಕಲ್, ಅಷ್ಟೊಂದು ಚಿನ್ನ ಇದ್ರೂ ನಮ್ಮ ಕ್ಲಾಸು ಯಾಕೆ ಸೋರುತ್ತೆ?" ಎಂದಳು. "ಪರಿಶೀಲನೆಯಲ್ಲಿದೆ ಕಣಮ್ಮ" ಎಂದೆ. ಅಪ್ಪಟ ಆಫೀಸರ್ ಉತ್ತರ.

ಚಪ್ಪಾಳೆ ಬಿತ್ತು. ಬಾಗಿಲಿಗೆ ಬಂದವನು ನಿಂತು, ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದೆ. ಬೇಕೆಂದು ಮಾಡಿದ್ದಲ್ಲ. ಚಿನ್ನ ಕದ್ದಿಲ್ಲವೆಂದು ಗಣಿಯ ಕಾವಲುಗಾರರಿಗೆ ದಿನವೂ ಹೀಗೆ ತೋರಿಸಿಯೇ ಹೊರಬೀಳಬೇಕು. ಬಾಗಿಲು ಕಂಡೊಡನೆ ಮೈ ತಾನಾಗಿ ನಿಂತುಬಿಟ್ಟಿತ್ತು.

ತರಗತಿ ಗೊಳ್ಳೆಂದು ನಕ್ಕಿತು. ಗಣಿಯ ಕಾವಲುಗಾರನೊಬ್ಬನ ಮಗಳೂ ಅದೇ ತರಗತಿಯಲ್ಲಿದ್ದಳು, ಅವಳಾದರೂ ಸುಮ್ಮನಿರಬಾರದೇ? "ಆಫೀಸರ್‌ಗಳನ್ನ ಹಾಗೆಲ್ಲ ತಡಕಲ್ಲ! ನಮ್ಮಪ್ಪ ತಡಕೋದು ಕೂಲಿಯವರನ್ನ, ಕಸ ಗುಡಿಸೋರನ್ನ!"

ನಾಚಿಕೆಯಿಂದ ಸತ್ತೇಹೋದೆ. ಎತ್ತಿದ ಕೈ ಇಳಿಸಲೂ ತೋಚಲಿಲ್ಲ. ಆಗ ಮಗಳು ಎದ್ದು ಬಂದಳು. ಎಲ್ಲರೆದುರಿಗೆ ನನ್ನ ಅಂಗಿಯ ಜೇಬು, ಪ್ಯಾಂಟಿನ ಎರಡೂ ಜೇಬು ತಡವಿ ನೋಡಿದಳು. ನಗು ನಿಂತಿತು.

"ಏನೂ ಇಲ್ಲ" ಎಂದಳು, ತರಗತಿಯ ಕಡೆ ತಿರುಗಿ. "ಇಷ್ಟು ವರ್ಷ ಒಂದು ಚೂರೂ ಮನೆಗೆ ತಂದಿಲ್ಲ ನಮ್ಮಪ್ಪ. ಕೈ ಇಳಿಸಪ್ಪ, ಹೋಗೋಣ."