ಎಂಟನೇ ರೊಟ್ಟಿಯ ಹಾಡು

ಮೊದಲು ಹೆಸರು ಬರೆಯುತ್ತೇನೆ, ಆಮೇಲೆ ಉಳಿದದ್ದು. ಕಮರುನ್ನೀಸಾ. ಊರು ಶಹಾಬಾದ. ಬ್ಲೌಸ್ ಹೊಲಿಯುವವರು, ಮದುವೆಮನೆಗಳಲ್ಲಿ ಡೋಲಕ್ ಬಾರಿಸಿ ಹಾಡುವವರು, ಹಾಡು ಕಟ್ಟುವವರು. ಈ ಮೂರನೆಯ ಮಾತನ್ನು ಓದಿದವರಿಗೆ ಒಪ್ಪಿಸಲು ಒಂದು ವರ್ಷ ತಲೆ ಚಚ್ಚಿಕೊಂಡೆ, ಆಗಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾಯುವ ಮನಸ್ಸು ನನಗಿಲ್ಲ.

ನಾನು ಪ್ರಮಿತಾ, ಶಹಾಬಾದಿನ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ನನ್ನ ತಾಯಿ ಪದ್ಮಾಬಾಯಿ ಸೇಡಂನವಳು, ದಾಸರ ಪದ ಹೇಳದೆ ಒಲೆ ಹಚ್ಚಿದವಳಲ್ಲ. ಹಾಡಿನ ಹುಚ್ಚು ನನಗೆ ಅಲ್ಲಿಂದ ಬಂತು. ತೊಂಬತ್ತನಾಲ್ಕರಲ್ಲಿ ಈ ಊರಿಗೆ ಬಂದಾಗಿನಿಂದ ನನ್ನ ಬ್ಲೌಸುಗಳನ್ನು ಹೊಲಿದವರು ಕಮರುನ್ನೀಸಾ. ಆಪಾ ಎನ್ನುತ್ತೇನೆ, ಅಕ್ಕ ಎಂದ ಹಾಗೆ. ಪರಸಿ ಕಲ್ಲು ಹಾಸಿದ ಸಣ್ಣ ಪಡಸಾಲೆ, ಬಾಗಿಲಿಗೆ ಎದುರಾಗಿ ಹೊಲಿಗೆ ಯಂತ್ರ, ಗೂಟಕ್ಕೆ ಡೋಲಕ್. ಗಂಡ ಕಲ್ಲಿನ ಗಣಿಯಲ್ಲಿ ದುಡಿದು ಬೇಗ ತೀರಿಹೋದ. ಆಪಾ ಯಂತ್ರ ತುಳಿಯುತ್ತ ಹಾಡು ಕಟ್ಟುತ್ತಿದ್ದರು. ದಾರ ಕಡಿದರೆ ಹಾಡೂ ನಿಲ್ಲುತ್ತಿತ್ತು, ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮುಂದಿನ ಸಾಲು ಸಿಕ್ಕಿರುತ್ತಿತ್ತು. ಇದನ್ನು ಎಷ್ಟು ಸಲ ಕಣ್ಣಾರೆ ನೋಡಿದ್ದೇನೋ ಲೆಕ್ಕವಿಲ್ಲ. ಈ ಮಾತು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಎರಡು ಸಾವಿರದ ಏಳರಲ್ಲಿ ಅಂತರ್ಜಾಲದಲ್ಲಿ ಒಂದು ಬಳಗ ಸೇರಿದೆ. ಹೆಸರು ‘ವಾರದ ಹತ್ತು’. ಹೈದರಾಬಾದು, ಧಾರವಾಡ, ಬೆಂಗಳೂರು, ಮಸ್ಕತ್, ಎಲ್ಲ ಕಡೆಯ ಹಾಡಿನ ಹುಚ್ಚರು. ಯಾರೂ ಕೇಳದ ಹಾಡನ್ನು ಹುಡುಕಿ ತಂದು ಶನಿವಾರ ಹಾಕಬೇಕು, ಭಾನುವಾರ ಎಲ್ಲರೂ ಮತ ಹಾಕಬೇಕು, ಸೋಮವಾರ ಒಂದರಿಂದ ಹತ್ತರವರೆಗೆ ಪಟ್ಟಿ ಬರಬೇಕು. ಪಟ್ಟಿಯಲ್ಲಿ ನಮ್ಮ ಹಾಡು ಏರಿದರೆ ನಾವೇ ಹಾಡಿದಷ್ಟು ಸಂಭ್ರಮ. ಸುಳ್ಳು ಯಾಕೆ ಹೇಳಲಿ, ನನಗೂ ಆ ಚಟ ಹತ್ತಿತ್ತು. ಶಾಲೆ ಬಿಟ್ಟ ಕೂಡಲೇ ಅಮೀರ್ ಅಲಿಯ ಸೈಬರ್ ಕೆಫೆಗೆ ಓಡುತ್ತಿದ್ದೆ.

ಬಳಗದ ಯಜಮಾನ ರಘುವೀರಾಚಾರ್ಯರು. ಮೂಲ ಸೇಡಂ, ಇರುವುದು ಹೈದರಾಬಾದಿನಲ್ಲಿ, ದೊಡ್ಡ ಆಫೀಸಿನ ಕೆಲಸ. ನಮ್ಮ ತಾಯಿಗೂ ಪರಿಚಿತರೇ. ರಾಗ, ತಾಳ, ಛಂದಸ್ಸು ಎಲ್ಲ ಬಲ್ಲವರು. ಓದಿ ಓದಿ ಮರುಳಾದ ಕೂಚಂಭಟ್ಟ ಎನ್ನುವ ಗಾದೆ ಯಾಕೆ ಹುಟ್ಟಿತೆಂದು ನನಗೆ ಆಗ ಗೊತ್ತಿರಲಿಲ್ಲ.

ಆಪಾ ಬಳಿ ಒಂದು ಹಳೆಯ ಕ್ಯಾಸೆಟ್ ಇತ್ತು. ತೊಂಬತ್ತಾರರಲ್ಲಿ ಭಂಕೂರಿನ ಒಂದು ಮದುವೆಯಲ್ಲಿ, ಅರಿಸಿನ ಹಚ್ಚುವ ಹಳದಿಯ ದಿನ ಹೆಣ್ಣಿನ ಕಡೆಯಿಂದ ಆಪಾ ಹಾಡಿದ್ದನ್ನು ಅವರ ತಮ್ಮ ಜಹಾಂಗೀರ ಟೇಪಿನಲ್ಲಿ ಹಿಡಿದಿದ್ದ. ಮದುಮಗನನ್ನು ಕಾಡುವ ಹಾಡು ಅದು. ಇಂಥ ಹಾಡಿಗೆ ಒಂದು ಪದ್ಧತಿ ಉಂಟು. ಹಾಡು ಯಾರದೇ ಆಗಿರಲಿ, ಅದರೊಳಗೆ ಆ ದಿನದ ಮದುಮಗನ ಹೆಸರು ಬರಬೇಕು. ಎರಡು ನುಡಿ ಬೈಗುಳ, ಮೂರನೆಯ ನುಡಿ ದುವಾ. ಬೈದ ಬಾಯಿಂದಲೇ ಹರಸಿ ಮುಗಿಸಬೇಕು. ಆ ದಿನದ ಮದುಮಗ ಶೌಕತ ಅಲಿ.

‘ಸಾತ್ ರೋಟ್ಯಾಂ ಖಾಯಾ ಶೌಕತ, ಆಠವೀಂ ಕೂ ರೋಯಾ. ಶೇರವಾನಿ ಪೈನ್ ಕೋ ಆಯಾ ಶೌಕತ, ಅಖಲ್ ಘರ್ ಮೇ ಖೋಯಾ.’

ಏಳು ರೊಟ್ಟಿ ತಿಂದ ಶೌಕತ ಎಂಟನೆಯದಕ್ಕೆ ಅತ್ತ, ಶೇರವಾನಿ ತೊಟ್ಟು ಬಂದ ಶೌಕತ ಬುದ್ಧಿಯನ್ನು ಮನೆಯಲ್ಲೇ ಕಳೆದುಕೊಂಡ. ಅಷ್ಟೇ. ಗಂಡಿನ ಕಡೆಯವರು ನಗಬೇಕು, ನಕ್ಕು ಎಲೆಅಡಿಕೆ ಕಳಿಸಬೇಕು. ಶೌಕತ ಅಲಿ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಡೋಲಕ್ ನಿಲ್ಲಿಸದಿದ್ದರೆ ನಿಕಾಹಿಗೆ ಬರುವುದಿಲ್ಲ ಎಂದು ಹೊರಗಿನಿಂದ ಹೇಳಿ ಕಳಿಸಿದ. ಹೆಣ್ಣಿನ ತಂದೆ ಓಡಿ ಬಂದು ಆಪಾಗೆ ಕೈ ಮುಗಿದ. ಎರಡನೆಯ ನುಡಿಯ ಕೊನೆಗೆ ಡೋಲಕ್ ಧಪ್ಪೆಂದು ನಿಂತುಹೋಯಿತು. ಹರಸುವ ನುಡಿ ಬರಲೇ ಇಲ್ಲ. ಮದುವೆಯಲ್ಲಿ ಅಪಶಕುನ ಮಾಡಿದವಳೆಂಬ ಹೆಸರು ಮಾತ್ರ ಬಂತು. ನಾಲ್ಕು ವರ್ಷ ಭಂಕೂರಿನಲ್ಲಿ ಯಾರೂ ಆಕೆಯನ್ನು ಮದುವೆಗೆ ಕರೆಯಲಿಲ್ಲ.

ಆ ಕ್ಯಾಸೆಟ್ಟನ್ನು ಕೇಳಿ ಪಡೆದು, ಅಮೀರ್ ಅಲಿಯಿಂದ ಟೇಪಿನ ವೈರನ್ನು ಕಂಪ್ಯೂಟರಿಗೆ ಹಚ್ಚಿಸಿ, ಒಂದು ಶನಿವಾರ ಬಳಗಕ್ಕೆ ಹಾಕಿದೆ. ಸೋಮವಾರ ಹಾಡು ಒಂದನೇ ನಂಬರಿನಲ್ಲಿತ್ತು. ಮರುವಾರವೂ ಒಂದು. ಅದರ ಮರುವಾರವೂ. ನಾನು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಜಿಲೇಬಿ ಹಂಚಿದೆ.

ನಾಲ್ಕನೆಯ ವಾರ ರಘುವೀರಾಚಾರ್ಯರ ದೀರ್ಘ ಬರಹ ಬಂತು. ದಾಸರ ಪದದ ಕೊನೆಗೆ ಅಂಕಿತ ಬರುವಂತೆ ಇಲ್ಲಿ ‘ಶೌಕತ’ ಎಂಬುದು ಕವಿಯ ಅಂಕಿತವಂತೆ. ದಾಸರು ತಮ್ಮನ್ನು ಮಂದಮತಿ, ಪಾಮರ ಎಂದು ಹಳಿದುಕೊಳ್ಳುವಂತೆ ಈ ಸಂತಕವಿಯೂ ತನ್ನನ್ನೇ ಹಳಿದುಕೊಂಡಿದ್ದಾನಂತೆ. ಏಳು ರೊಟ್ಟಿ ಎಂದರೆ ಸಪ್ತಧಾತು, ಎಂಟನೆಯದು ಮೋಕ್ಷ. ಹಾಡು ತಟ್ಟನೆ ನಿಲ್ಲುತ್ತದಲ್ಲ, ಅದು ಮಾತು ಮುಟ್ಟಲಾರದ ಮೌನ. ಕೆಳಗೆ ನಲವತ್ತು ಜನರ ‘ಆಹಾ’, ‘ಓಹೋ’. ಒಬ್ಬಾತ ಮಸ್ಕತ್‌ನಿಂದ, ಆ ಮೌನ ಕೇಳಿ ಕಣ್ಣೀರು ಬಂತೆಂದು ಬರೆದಿದ್ದ. ಕೈ ಮುಗಿದು ನಿಂತ ಹೆಣ್ಣಿನ ತಂದೆಯ ಮುಖ ಕಂಡಿದ್ದರೆ ಅವನಿಗೆ ಎಂಥ ನೀರು ಬರುತ್ತಿತ್ತೋ!

ಮೈ ಉರಿಯಿತು. ಕೂತಲ್ಲೇ ಬರೆದೆ: ಇದು ಮದುವೆಯ ಹಾಡು, ಶೌಕತ ಎನ್ನುವುದು ಮದುಮಗನ ಹೆಸರು, ಕಟ್ಟಿದವರು ಹಾಡಿದ ಕಮರುನ್ನೀಸಾ ಅವರೇ. ಆಚಾರ್ಯರಿಂದ ಎರಡೇ ಸಾಲಿನ ಉತ್ತರ ಬಂತು. ‘ಪದ್ಮಾಬಾಯಿಯವರ ಮಗಳಾಗಿ ನಿಮಗೆ ಅಂಕಿತ ತಿಳಿಯಬಾರದೇ? ಹಾಡುವವರು ಬೇರೆ, ಕಟ್ಟುವವರು ಬೇರೆ.’ ಆಮೇಲೆ ಏನು ಮಾಡಿದರು ಗೊತ್ತೇ? ರಚನೆ ಯಾರದೆಂಬುದಕ್ಕೂ ಮತ ಹಾಕಿಸಿದರು. ಶೌಕತ ಎಂಬ ಕವಿಗೆ ಮೂವತ್ತೊಂದು, ಕಮರುನ್ನೀಸಾಗೆ ಒಂದು. ಆ ಒಂದು ನನ್ನದು. ಹೆತ್ತವಳು ಯಾರೆಂದು ಪಂಚಾಯಿತಿ ಕೂಡಿಸಿ ತೀರ್ಮಾನಿಸುವ ಊರನ್ನು ನಾನು ಅದೇ ಮೊದಲು ಕಂಡದ್ದು.

ನಾನು ಕೊಟ್ಟ ಸುಳಿವನ್ನೇ ಹಿಡಿದು ಹುಡುಕಿದ ಬಳಗದವರಿಗೆ ಶೌಕತ ಅಲಿ ಸಿಕ್ಕಿಯೂ ಬಿಟ್ಟ. ವಾಡಿಯಲ್ಲಿ ಲಾರಿ ಇಟ್ಟುಕೊಂಡು ಸಿಮೆಂಟು ಸಾಗಿಸುತ್ತಿದ್ದ. ಹಾಡಿನಲ್ಲಿರುವ ಶೌಕತ ನೀವೇನಾ ಎಂದು ಆಚಾರ್ಯರು ಫೋನಿನಲ್ಲಿ ಕೇಳಿದ್ದಕ್ಕೆ ಹೌದೆಂದ. ನಿಮ್ಮದೇ ರಚನೆಯೇ ಎಂದದ್ದಕ್ಕೆ, ‘ಎಲ್ಲಾ ಮ್ಯಾಲಿನ ಮಾಲಿಕನ ದಯಾರಿ’ ಎಂದ. ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಆಹಾ, ಎಂಥ ವಿನಯ ಎಂದು ಬಳಗ ಕೊಂಡಾಡಿತು. ಬಳಗದವರೆಲ್ಲ ಮುಖಾಮುಖಿ ಸೇರುವುದು, ಅಲ್ಲಿ ಕವಿಗೆ ಶಾಲು ಹೊದಿಸುವುದು ಎಂದು ನಿಶ್ಚಯವಾಯಿತು. ಎಲ್ಲ ಕಡೆಯ ರೈಲು ನಿಲ್ಲುವುದು ವಾಡಿಯಲ್ಲಿ, ಸಭೆಯೂ ಅಲ್ಲೇ, ಸ್ಟೇಷನ್ ಹತ್ತಿರದ ಒಂದು ಹಾಲಿನಲ್ಲಿ.

ಆಪಾಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ. ಅವರು ಯಂತ್ರದ ಗಾಲಿಗೆ ಕೈ ಒತ್ತಿ ನಿಲ್ಲಿಸಿದರು.

“ಯಾರಿಗಿ ಶಾಲು?”

“ಶೌಕತ ಅಲಿಗಿ.”

“ನನ್ನ ಡೋಲಕ್ ನಿಂದ್ರಿಸಿದ ಶೌಕತಗ? ಬೈದಾಕಿ ನಾನು, ಬೈಸಿಕೊಂಡಾಂವಗ ಶಾಲು?” ಯಂತ್ರದಿಂದ ಬಟ್ಟೆ ಬಿಡಿಸಿ ಮಡಿಚಿಟ್ಟರು. “ಟೀಚರಬಾಯಿ, ನನಗ ಶಾಲು ಬ್ಯಾಡ. ಎಷ್ಟ್ ಮದುವಿ ಹಾಡೀನಿ, ಎಲ್ಲಾದ್ರಾಗೂ ಮಂದಿ ಹೆಸರಾ ಹಾಕೀನಿ. ಒಂದರಾಗ ನಂದೊಂದು ಹೆಸರು ಇರಲಿ. ಅಷ್ಟಾ ಸಾಕು. ನಾನೂ ಬರ್ತೀನಿ ನಡೀರಿ.”

ವಾಡಿಯ ಹಾಲಿನಲ್ಲಿ ಮೂವತ್ತು ಜನ ಇದ್ದರು. ಶೌಕತ ಅಲಿ ಶಾಲು ಹೊದ್ದು, ಹಾರ ಹಾಕಿಸಿಕೊಂಡು ನಡುವಿನ ಕುರ್ಚಿಯಲ್ಲಿ ಕೂತಿದ್ದ. ಆಪಾರನ್ನು ಕಂಡದ್ದೇ ಹಾರ ಸರಿಮಾಡಿಕೊಂಡ. ರಘುವೀರಾಚಾರ್ಯರು ಬಹಳ ಸೌಜನ್ಯದಿಂದ, “ಬರ್ರಿ ಅಮ್ಮಾ, ಕುಂದ್ರಿ. ಕವಿಗಳ ಎದುರಿಗೆ ನೀವಾ ಒಮ್ಮೆ ಹಾಡಿದ್ರ ಭಾಳ ಛಲೋ ಆಗ್ತದ” ಎಂದರು.

ಆಪಾ ನೆಲದ ಮೇಲೆ ಕೂತರು. ಡೋಲಕ್ಕನ್ನು ಮೊಳಕಾಲಿನ ಕೆಳಗೆ ಒತ್ತಿ ಹಿಡಿದು ಸುತ್ತ ನೋಡಿದರು.

“ಇವತ್ತ ಈ ಮನಿಗಿ ದೊಡ್ಡೋರು ಯಾರ್ರಿ? ನೀವೇನ್? ನಿಮ್ಮ ಹೆಸರೇನ್ರಿ ಸಾಹೇಬರಾ?”

“ರಘುವೀರ.”

‘ಸಾತ್ ರೋಟ್ಯಾಂ ಖಾಯಾ ರಘುವೀರ, ಆಠವೀಂ ಕೂ ರೋಯಾ...’

ಹಾಲಿನಲ್ಲಿ ಯಾರೋ ಪಕ್ಕನೆ ನಕ್ಕರು. ಆಚಾರ್ಯರ ಮುಖ ಅವರ ನಾಮದಷ್ಟೇ ಕೆಂಪಾಯಿತು. ಶೌಕತ ಅಲಿ ಎದ್ದು ನಿಂತು, “ಸಾಕ್ ನಿಂದ್ರಸು” ಎಂದು ಕೂಗಿದ. ಹನ್ನೊಂದು ವರ್ಷದ ಹಿಂದೆ ಹೇಳಿ ಕಳಿಸಿದ ಅದೇ ಮಾತು, ಈಗ ಎದುರಿಗೇ.

“ಅವತ್ತ ನಿಂದ್ರಿಸಿದಿ. ಇವತ್ತ ನಿಂದ್ರಂಗಿಲ್ಲ” ಎಂದು ಆಪಾ ಎರಡನೆಯ ನುಡಿ ದಾಟಿ, ಕ್ಯಾಸೆಟ್ಟಿನಲ್ಲಿ ಇಲ್ಲದ ಮೂರನೆಯ ನುಡಿಗೆ ಹೋದರು. ರಘುವೀರನ ಮನೆಯ ಹಂಡೆ ಬತ್ತದಿರಲಿ, ರಘುವೀರನ ಹೊಸ್ತಿಲಿಗೆ ಮಕ್ಕಳ ಕಾಲಿನ ಧೂಳು ಹತ್ತಲಿ. ಬೈಸಿಕೊಂಡ ಆಚಾರ್ಯರು ಹರಕೆಯನ್ನೂ ಪಡೆದರು. ನಾನು ಅಂಥ ಚೆಂದದ ದುವಾ ಕೇಳಿರಲಿಲ್ಲ. ಆಚಾರ್ಯರ ಕಣ್ಣೂ ತುಂಬಿದ್ದು ನಾನು ನೋಡಿದೆ. ಗೆದ್ದೆವು ಅಂದುಕೊಂಡೇ ಇಬ್ಬರೂ ಸಂಜೆಯ ಪ್ಯಾಸೆಂಜರ್ ಹತ್ತಿದೆವು.

ಸೋಮವಾರ ಪಟ್ಟಿ ಬಂತು. ಹಾಡು ಒಂದನೇ ನಂಬರಿನಲ್ಲೇ ಇತ್ತು. ಶೌಕತನ ಹೆಸರು ತೆಗೆದಿದ್ದರು. ಅದರ ಜಾಗದಲ್ಲಿ ಬರೆದಿದ್ದರು: ‘ರಚನೆ: ಜನಪದ.’

ಹೆಸರಿದ್ದ ಜಾಗಕ್ಕೆ ಸುಣ್ಣ ಬಳಿದಿದ್ದರು. ಆಚಾರ್ಯರಿಗೆ ಫೋನು ಮಾಡಿ ಜಗಳಕ್ಕೇ ಬಿದ್ದೆ. “ಯಾರ ಹೆಸರೂ ಬ್ಯಾಡ ಅಂತ ಬಳಗದಾಗ ಮತ ಬಿದ್ದದರಿ. ಹಾಡಿನ ಪದ್ಧತೀನಾ ಹೆಸರು ಬದಲಾಗೂದು ಅಂದ ಮ್ಯಾಲೆ ಅದು ಎಲ್ಲಾರದೂ ಆದಂಗ ಅಲ್ಲೇನ್ರಿ?” ಎಂದರು. ಮುಖಕ್ಕೆ ಕೊಡಬೇಕಾದ ಉತ್ತರ ನನ್ನ ಬಾಯಿಗೆ ಬಂದಿತ್ತು, ಅವರು ಫೋನು ಇಟ್ಟುಬಿಟ್ಟಿದ್ದರು. ಆ ಉತ್ತರ ಈಗಲೂ ಬಾಯಲ್ಲೇ ಇದೆ.

ಆ ಸಂಜೆ ಆಪಾ ಮನೆಗೆ ಹೋಗಿ ಎಲ್ಲ ಹೇಳಿ, ಬಳಗದವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಅವರು ಕೇಳುತ್ತ ಕತ್ತರಿ ಆಡಿಸುತ್ತಿದ್ದರು.

“ಜನಪದ ಅಂದ್ರ ಯಾರ್ರಿ?”

“ಎಲ್ಲಾರೂ ಅಂತ ಅರ್ಥ ಆಪಾ.”

“ಎಲ್ಲಾರೂ ಅಂದ್ರ, ನನ್ನ ಒಬ್ಬಾಕಿನ್ನ ಬಿಟ್ಟು ಎಲ್ಲಾರೂ ಏನ್?”

ಅವರು ಕತ್ತರಿ ಕೆಳಗಿಟ್ಟರು.

“ಹೋಗ್ಲಿ. ನೀವು ಮೊದಲ ದಿನ ಹಾಡು ಹಾಕಿದ್ರಲ್ಲ, ಆ ಖಾನೇದಾಗ ಏನ್ ಬರದಿದ್ರಿ?”

ಅಷ್ಟು ತಿಂಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಹಾಡು ಹಾಕುವಾಗ ‘ಹಾಡಿದವರು’ ಎಂದಿದ್ದಲ್ಲಿ ‘ಶಹಾಬಾದಿನ ಮಹಿಳೆಯರು’ ಎಂದು ಬರೆದಿದ್ದೆ. ‘ರಚನೆ’ ಎಂದಿದ್ದಲ್ಲಿ...

“ಖಾಲಿ ಬಿಟ್ಟಿದ್ದೆ ಆಪಾ.”

“ಯಾಕ್ರಿ? ನನ್ನ ಹೆಸರು ಗೊತ್ತಿದ್ದಿಲ್ಲೇನ್?”

ಗೊತ್ತಿತ್ತು. ಹದಿಮೂರು ವರ್ಷದಿಂದ ಗೊತ್ತಿತ್ತು. ಯಂತ್ರ ತುಳಿಯುತ್ತ ಸಾಲು ಕಟ್ಟುವುದನ್ನು ಕಣ್ಣಾರೆ ಕಂಡಿದ್ದೆ. ಬ್ಲೌಸ್ ಹೊಲಿಯುವವರ ಹೆಸರು ಆ ಖಾನೆಯಲ್ಲಿ ಬರೆಯುವಂಥದ್ದು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ನಾನು ಬಿಟ್ಟ ಖಾಲಿ ಜಾಗದಲ್ಲೇ ಮೂವತ್ತೊಂದು ಜನ ಪಾಂಡಿತ್ಯ ಬೆಳೆದಿದ್ದರು. ಇಷ್ಟು ದಿನ ಊರ ಮೇಲೆಲ್ಲ ಹಾರಾಡಿದ ಸಿಟ್ಟು ತಿರುಗಿ ನನ್ನ ಕೆನ್ನೆಗೇ ಬಿತ್ತು.

ಆಪಾ ಎದ್ದು ಗೂಟದಿಂದ ಡೋಲಕ್ ಇಳಿಸಿದರು. ನನ್ನ ಮುಖವನ್ನೇ ನೋಡುತ್ತ ಶುರುಮಾಡಿದರು.

‘ಸಾತ್ ರೋಟ್ಯಾಂ ಖಾಯಿ ಪ್ರಮಿತಾ, ಆಠವೀಂ ಕೂ ರೋಯಿ. ಸೀರಿ ಪೈನ್ ಕೋ ಆಯಿ ಪ್ರಮಿತಾ, ಅಖಲ್ ಘರ್ ಮೇ ಖೋಯಿ.’

ಎರಡೂ ನುಡಿ ಪೂರ್ತಿ ಹಾಡಿದರು. ನಾನು ತಲೆ ತಗ್ಗಿಸಿ ಕೇಳಿದೆ. ಎರಡನೆಯ ನುಡಿ ಮುಗಿದದ್ದೇ ಡೋಲಕ್ ಧಪ್ಪೆಂದು ನಿಂತಿತು, ಕ್ಯಾಸೆಟ್ಟಿನಲ್ಲಿ ನಿಂತ ಹಾಗೆಯೇ.

“ಮೂರನೇದು ಆಪಾ?” ಎಂದೆ.

ಅವರು ಡೋಲಕ್ಕನ್ನು ಗೂಟಕ್ಕೆ ಹಾಕಿ, ಬಂದು ಯಂತ್ರದ ಮುಂದೆ ಕೂತರು.

“ಮೊದಲು ಹೆಸರು ಬರೀರಿ ಬಾಯಿ. ಆಮ್ಯಾಲ ಹಾಡ್ತೀನಿ.”