ಮಾತು ನಿಲ್ಲಿಸಿದ ಲ್ಯಾಪ್‌ಟಾಪ್

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಮಾತು ನಿಲ್ಲಿಸಿತು.

ನನಗೆ ಕಣ್ಣು ಕಾಣುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಮೊದಲು ಕರಿಹಲಗೆಯ ಮೇಲಿನ ಅಕ್ಷರ ಹೋಯಿತು, ಆಮೇಲೆ ಪುಸ್ತಕದ್ದು. ಕಾಲೇಜು ಮುಗಿಯುವಷ್ಟರಲ್ಲಿ ಎದುರಿಗೆ ನಿಂತವರ ಮುಖವೂ ಹೋಗಿತ್ತು. ಈಗ ನಾನು ಓದುವುದು, ಬರೆಯುವುದು ಎಲ್ಲ ಕಿವಿಯಿಂದ. ಪರದೆಯ ಮೇಲೆ ಏನಿದೆಯೋ ಅದನ್ನು ಓದಿ ಹೇಳುವ ಒಂದು ತಂತ್ರಾಂಶ ಲ್ಯಾಪ್‌ಟಾಪಿನಲ್ಲಿದೆ. ಒತ್ತಿದ ಅಕ್ಷರ, ಅಳಿಸಿದ ಅಕ್ಷರ, ತೆರೆದ ಕಡತ, ಎಲ್ಲವನ್ನೂ ಅದು ಹೇಳುತ್ತದೆ. ಕನ್ನಡವನ್ನು ತಗಡಿನ ದನಿಯಲ್ಲಿ, ಉಸಿರೇ ತೆಗೆದುಕೊಳ್ಳದೆ ಓದುತ್ತದೆ. ಹೊಸಬರಿಗೆ ಯಾರೋ ಜಗಳವಾಡುತ್ತಿದ್ದಾರೆ ಎನ್ನಿಸುತ್ತದೆ. ನನಗೆ ಅದೇ ಅಭ್ಯಾಸ.

ಇತಿಹಾಸದಲ್ಲಿ ಎಂ.ಎ.ಯನ್ನು ಅಂಚೆ ಶಿಕ್ಷಣದಲ್ಲಿ ಮಾಡುತ್ತಿದ್ದೆ. ಅಲ್ಲಿಯವರೆಗಿನ ಪರೀಕ್ಷೆಗಳಲ್ಲೆಲ್ಲ ನಾನು ಹೇಳಿದ್ದು, ಬೇರೆಯವರು ಬರೆದದ್ದು. ಈ ಸಲ ನನ್ನದೇ ಲ್ಯಾಪ್‌ಟಾಪಿನಲ್ಲಿ ನಾನೇ ಬರೆಯುತ್ತೇನೆಂದು ಕೇಳಿಕೊಂಡಿದ್ದೆ. ಹತ್ತಾರು ಸಲ ಅಲೆದ ಮೇಲೆ ಅನುಮತಿ ಸಿಕ್ಕಿತ್ತು. ಒಂದು ಷರತ್ತು: ಯಂತ್ರವನ್ನು ಹಿಂದಿನ ದಿನವೇ ಸಿದ್ದಾಪುರದ ಪರೀಕ್ಷಾ ಕೇಂದ್ರಕ್ಕೆ ತಂದು ತೋರಿಸಬೇಕು, ಸಂಜೆ ಕಚೇರಿ ಮುಚ್ಚುವುದರೊಳಗೆ ಅವರ ವಶಕ್ಕೆ ಕೊಡಬೇಕು. ಇಲ್ಲವಾದರೆ ಹಳೆಯ ವ್ಯವಸ್ಥೆಯೇ.

"ಎಂತ ಆತು?" ಅಡುಗೆಮನೆಯಿಂದ ಆಯಿ ಕೇಳಿದಳು. ಶಿರಸಿಯಲ್ಲಿ ನಾವಿಬ್ಬರೇ, ತಾಯಿ ಮಗಳು, ಒಂದು ಬಾಡಿಗೆ ಮನೆಯ ಮಹಡಿಯ ಮೇಲಿದ್ದೆವು. ನಾನು ಆಫ್ ಮಾಡಿ ಆನ್ ಮಾಡುವುದು ಅವಳಿಗೆ ಕೇಳಿರಬೇಕು.

"ಇದು ಮಾತಾಡ್ತಾ ಇಲ್ಲೆ."

ಹಿಂದಿನ ಸಂಜೆ ಏನೋ ಅಪ್‌ಡೇಟ್ ಆಗುತ್ತಿದೆಯೆಂದು ಅದೇ ಹೇಳಿತ್ತು. ಈಗ ಒಳಗಿನ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ನನಗೆ ಗೊತ್ತಿದ್ದ ಕೀಗಳನ್ನೆಲ್ಲ ಒತ್ತಿದೆ. ಒತ್ತಿದ್ದರಿಂದ ಏನಾಯಿತು, ಏನು ತೆರೆಯಿತು, ಏನು ಮುಚ್ಚಿತು ಒಂದೂ ತಿಳಿಯಲಿಲ್ಲ. ಅದಕ್ಕೇ ಕೈ ತೆಗೆದೆ.

ಯಲ್ಲಾಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೂ ಕಣ್ಣು ಕಾಣದು. ಅವನ ಊರು ಕಿರವತ್ತಿಯ ಕಡೆ. ಇಬ್ಬರೂ ಕಂಪ್ಯೂಟರ್ ಕಲಿತದ್ದು ಹುಬ್ಬಳ್ಳಿಯಲ್ಲಿ, ಒಂದೇ ಬೆಂಚಿನಲ್ಲಿ ಕೂತು.

"ಬಾಜೂಕ ಕಣ್ಣಿದ್ದೋರು ಯಾರದಾರ?" ಎಂದ.

"ಆಯಿ ಇದ್ದಾಳೆ."

"ಅವರ ಕಡೆಯಿಂದ ಪರದೆ ಓದಸು."

ಆಯಿ ಕೈ ಒರೆಸಿಕೊಂಡು ಬಂದು ಕನ್ನಡಕ ಹಾಕಿಕೊಂಡಳು. ಇಂಗ್ಲಿಷನ್ನು ಅವಳು ಒಂದೊಂದೇ ಅಕ್ಷರ ಹಿಡಿದು ಓದುವವಳು. "ಎನ್, ಓ. ಆಮೇಲೆ ಎ, ಯು, ಡಿ..." ನಾನು ಅದನ್ನು ಕೂಡಿಸಿ ಫೋನಿಗೆ ಹೇಳುವುದು, ಅವನು ಮುಂದಿನದ್ದು ಕೇಳುವುದು. ನಡುವೆ ಅವಳು, "ಇದೆಂತದೋ ಹೊಸಾದು ಬಂತಲೇ, ಹಳೇದು ಕಾಣ್ತಾ ಇಲ್ಲೆ" ಎಂದು ಗಾಬರಿಯಾದಳು. ಮತ್ತೆ ಮೊದಲಿನಿಂದ ಶುರು.

ಕೊನೆಗೆ ಗೆಳೆಯ ಹೇಳಿದ: "ಸೌಂಡಿನ ಡ್ರೈವರ್ ಹೋಗೇತಿ. ಅದನ್ನ ಹೊಸದಾಗಿ ಹಾಕಬೇಕು. ಕಣ್ಣಿದ್ದೋರ ಕೆಲಸ ಇದು, ಅಂಗಡಿಗೆ ಒಯ್ಯಿ. ಆದ್ರ ಬಿಟ್ಟು ಮಾತ್ರ ಬರಬ್ಯಾಡ. ಬಾಜೂಕ ಕುಂದ್ರು."

ಆಯಿ ತಾನೂ ಬರುತ್ತೇನೆಂದು ಹೊರಟಳು. ಬೇಡವೆಂದೆ. ಅವಳು ಜೊತೆಗಿದ್ದರೆ ಅಂಗಡಿಯವರು ನನ್ನ ಯಂತ್ರಕ್ಕೆ ಏನಾಗಿದೆಯೆಂದು ಅವಳನ್ನೇ ಕೇಳುತ್ತಾರೆ. ಅವಳು ನನ್ನನ್ನು ಕೇಳುತ್ತಾಳೆ. ಅದಕ್ಕೆಲ್ಲ ಹೊತ್ತಿರಲಿಲ್ಲ.

ರಿಪೇರಿ ಅಂಗಡಿ ಪೇಟೆಯಲ್ಲಿ ಒಂದು ಮಹಡಿಯ ಮೇಲಿತ್ತು. ಬಿಸಿ ಬೆಸುಗೆಯ ವಾಸನೆ, ಎರಡು ಮೂರು ಫ್ಯಾನುಗಳ ಸದ್ದು, ನಾಲ್ಕೈದು ಗಿರಾಕಿಗಳ ಮಾತು. ಅಂಗಡಿಯವನು ಒಬ್ಬನೇ ಇದ್ದ. ದನಿಯಲ್ಲಿ ನನ್ನದೇ ವಯಸ್ಸು.

"ಎಂತ ಆಗಿದೆ ಮೇಡಮ್?"

"ಅಪ್‌ಡೇಟ್ ಆದಮೇಲೆ ಸೌಂಡ್ ಹೋಗಿದೆ. ಡ್ರೈವರ್ ಹಾಕ್ಬೇಕು. ಇದು ಓದಿ ಹೇಳಿದ್ರೆ ಮಾತ್ರ ನನಗೆ ಕೆಲಸ ಮಾಡ್ಲಿಕ್ಕೆ ಆಗೂದು. ಸಂಜೆಯೊಳಗೆ ಸಿದ್ದಾಪುರಕ್ಕೆ ಮುಟ್ಟಿಸ್ಬೇಕು, ನಾಳೆ ಪರೀಕ್ಷೆ."

ನಾನು ಹೇಳುತ್ತಿರುವಾಗಲೇ ಅವನ ಫೋನ್ ಬಡಿದುಕೊಂಡಿತು. ಅದರಲ್ಲಿ ಮಾತಾಡುತ್ತಲೇ ನನಗೆ, "ಇಟ್ಟು ಹೋಗಿ, ನಾಳೆ ಮಧ್ಯಾಹ್ನ ಬನ್ನಿ" ಎಂದ.

"ಇಲ್ಲೇ ಕೂತಿರ್ತೇನೆ."

ಒಂದು ಸ್ಟೂಲು ಎಳೆದು ಕೊಟ್ಟ. ಕೂತೆ. ನನ್ನ ಲ್ಯಾಪ್‌ಟಾಪ್ ಮೇಜಿನ ಮೇಲೆ ಎಲ್ಲಿದೆಯೆಂದು ಆಗಾಗ ಬೆರಳಿನ ತುದಿಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಬ್ಬರ ಪ್ರಿಂಟರಿನ ಕಾಗದ ಸಿಕ್ಕಿಬಿದ್ದಿತ್ತು, ಇನ್ನೊಬ್ಬರ ಪಾಸ್‌ವರ್ಡ್ ಮರೆತುಹೋಗಿತ್ತು. ನನ್ನ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು.

ಅವನು ಟಕಟಕ ಒತ್ತತೊಡಗಿದ. ನೋಡಲಾಗದವರಿಗೆ ಆ ಸದ್ದಿನಷ್ಟು ಹೆದರಿಕೆ ಹುಟ್ಟಿಸುವುದು ಬೇರೆ ಇಲ್ಲ. ಅಷ್ಟೂ ನನ್ನ ಓದು, ನನ್ನ ಟಿಪ್ಪಣಿ ಅದರೊಳಗಿದೆ. ಅವನ ಬೆರಳು ಎಲ್ಲಿ ಓಡಾಡುತ್ತಿದೆಯೆಂದು ನನಗೆ ಗೊತ್ತಿಲ್ಲ.

"ಫಾರ್ಮ್ಯಾಟ್ ಮಾಡಿಬಿಡ್ಲಾ? ಹೊಸದರ ಹಾಗೆ ಆಗ್ತದೆ," ಎಂದ.

"ಬೇಡ!" ನಾನು ಕೂಗಿದ್ದಕ್ಕೆ ಅಂಗಡಿಯಲ್ಲಿ ಮಾತು ನಿಂತಿತು. "ಫಾರ್ಮ್ಯಾಟ್ ಬೇಡ, ಒಳಗಿದ್ದದ್ದೆಲ್ಲ ಅಳಿಸಿಹೋಗ್ತದೆ. ಡ್ರೈವರ್ ಒಂದೇ ಹಾಕಿ. ಮತ್ತೆ, ಏನು ಮಾಡ್ತೀರೋ ಅದನ್ನ ಹೇಳ್ತಾ ಮಾಡಿ."

"ಆಯ್ತು ಆಯ್ತು," ಎಂದ. ಆದರೆ ಹೇಳಲಿಲ್ಲ. ಮತ್ತೆ ಫೋನ್ ಬಂತು, ಮಾತಾಡುತ್ತ ಕೀಗಳನ್ನು ಒತ್ತುತ್ತಲೇ ಇದ್ದ.

ಇದ್ದಕ್ಕಿದ್ದಂತೆ ಠಣ್ ಎಂದಿತು. ಹಿಂದೆಯೇ ನನ್ನ ತಂತ್ರಾಂಶದ ದನಿ ಬಂತು. ಅವನು ಮೌಸಿನ ಬಾಣ ಓಡಿಸಿದ ಕಡೆಯಲ್ಲೆಲ್ಲ ಅದು ಗಡಗಡ ಓದತೊಡಗಿತು. ಸ್ಟೂಲಿನ ಅಂಚು ಹಿಡಿದುಕೊಂಡು, "ಬಂತು, ಬಂತು" ಎಂದೆ. ನನ್ನ ಮಾತು ಅವನಿಗೆ ಕೇಳಿತೋ ಇಲ್ಲವೋ, ಅವನು ಫೋನಿನಲ್ಲಿದ್ದ. ಇನ್ನೂ ಒಂದು ನಾಲ್ಕು ಸಲ ಟಕಟಕ ಎಂದಿತು. ಒಂದು ಪದದ ನಡುವೆಯೇ ದನಿ ಕತ್ತರಿಸಿದಂತೆ ನಿಂತಿತು.

"ಏನು ಮಾಡಿದ್ರಿ?"

"ಎಂತದೋ ವೈರಸ್ ಮೇಡಮ್. ಒಂದೇ ಸಮ ಬಡಬಡಿಸ್ತಾ ಇತ್ತು. ತೆಗೆದು ಹಾಕ್ದೆ. ಸೌಂಡ್ ಸರಿಯಾಗಿದೆ ನೋಡಿ, ಹಾಡು ಹಾಕ್ತೇನೆ."

ಹಾಡು ಬಂತು. ಯಾವ ಹಾಡೆಂದು ಈಗ ನೆನಪಿಲ್ಲ.

"ಅದು ವೈರಸ್ ಅಲ್ಲ," ಎಂದೆ. "ಅದೇ ನನ್ನ ಕಣ್ಣು."

ಇಂಥ ಮಾತು ನಾನು ಯಾವತ್ತೂ ಆಡಿದವಳಲ್ಲ. ಆ ಹೊತ್ತಿಗೆ ಬೇರೆ ಬಾಯಿಗೆ ಬರಲಿಲ್ಲ. ಹಾಡು ನಿಂತಿತು. ಅವನು ಫೋನಿನವರಿಗೆ ಆಮೇಲೆ ಮಾಡುತ್ತೇನೆಂದು ಹೇಳಿ ಇಟ್ಟ. ಬಾಗಿಲ ಬದಿಗೆ ಒರಗಿಸಿಟ್ಟಿದ್ದ ನನ್ನ ಬಿಳಿಕೋಲನ್ನು ಅವನು ನೋಡಿದ್ದು ಆಗಲೇ ಇರಬೇಕು.

"ಛೇ," ಎಂದ. "ನನಗೆ ಸೌಂಡ್ ಅಂದ್ರೆ... ಹಾಡು, ವಿಡಿಯೋಗೆ ಅಂತ..." ಆಮೇಲೆ ಗಡಿಬಿಡಿಯಿಂದ, "ತಡೀರಿ, ಈಗಲೇ ವಾಪಸ್ ಹಾಕ್ತೇನೆ. ನೆಟ್ಟಿಂದ ಇಳಿಸ್ಕೊಳ್ಳೂದಷ್ಟೇ" ಎಂದು ಒತ್ತಲು ಹೊರಟ. ಅಷ್ಟರಲ್ಲಿ ಎಲ್ಲ ಫ್ಯಾನುಗಳೂ ಒಟ್ಟಿಗೆ ನಿಧಾನವಾಗಿ ನಿಂತವು. ಕರೆಂಟು ಹೋಗಿತ್ತು. ಅದರೊಟ್ಟಿಗೆ ಅಂಗಡಿಯ ಇಂಟರ್ನೆಟ್ಟೂ ಹೋಯಿತು.

"ಲೈನಿನ ಕೆಲಸ ನಡೀತಾ ಇದೆ, ಯಾವಾಗ ಬರ್ತದೋ," ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ಇಳಿದು ಹೋದರು.

ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡು ಕೀಲಿಮಣೆಯ ಮೇಲೆ ಅಂಗೈ ಇಟ್ಟೆ. "ಇನ್ನು ನೀವು ಒಂದು ಕೀಯನ್ನೂ ಮುಟ್ಟಬೇಡಿ. ನನ್ನ ಮೊಬೈಲಿನ ನೆಟ್ ಕೊಡ್ತೇನೆ."

ಮಹಡಿಯ ಒಳಗೆ ನೆಟ್ಟಿಗೆ ಸಾಕಾಗುವಷ್ಟು ಸಿಗ್ನಲ್ ಸಿಗಲಿಲ್ಲ. ನನ್ನ ಮೊಬೈಲನ್ನು ಅವನೇ ಹೊರಗಿನ ಜಗಲಿಗೆ ಒಯ್ದು ಹಿಡಿದುಕೊಂಡು ನಿಂತ. ನಾನು ಲ್ಯಾಪ್‌ಟಾಪಿನಲ್ಲಿ ಮೊದಲಿಂದಲೇ ಇರುವ ಇಂಗ್ಲಿಷ್ ದನಿಯನ್ನು ಎಬ್ಬಿಸಿ, ಅದನ್ನು ಹಿಡಿದುಕೊಂಡು ತಡಕಾಡುತ್ತ ನನ್ನ ತಂತ್ರಾಂಶವನ್ನು ಇಳಿಸಲು ಹಾಕಿದೆ. ಆ ಇಂಗ್ಲಿಷ್ ದನಿಗೆ ಕನ್ನಡ ಬರುವುದಿಲ್ಲ. ಕನ್ನಡದ ಸಾಲು ಬಂದರೆ ಅಲ್ಲೇನೂ ಇಲ್ಲವೆಂಬಂತೆ ದಾಟಿಹೋಗುತ್ತದೆ. ಅದನ್ನೇ ನಂಬಿ ಪರೀಕ್ಷೆ ಬರೆಯಲಾಗದು.

ಇಳಿಯುವುದು ಅರ್ಧಕ್ಕೆ ನಿಂತಿತು. "ಸ್ವಲ್ಪ ಆಚೆ ಹೋಗಿ," ಎಂದೆ. ಅವನ ಚಪ್ಪಲಿಯ ಸದ್ದು ಜಗಲಿಯ ಆ ತುದಿಗೆ ಹೋಯಿತು. ಕೆಳಗೆ ಬಸ್ಸುಗಳ ಹಾರನ್ ಕೇಳುತ್ತಿತ್ತು. ಅದರಲ್ಲಿ ಯಾವುದು ಸಿದ್ದಾಪುರದ ಬಸ್ಸೋ, ಅದಾದ ಮೇಲೆ ಮುಂದಿನದು ಎಷ್ಟು ಹೊತ್ತಿಗೋ ಎಂದು ಎಣಿಸುತ್ತ ಕೂತೆ. ಬೆವರಿಗೆ ಬೆರಳು ಕೀಗಳ ಮೇಲೆ ಜಾರುತ್ತಿತ್ತು.

ಕೊನೆಗೂ ಇಳಿಯಿತು, ಯಂತ್ರದಲ್ಲಿ ಕೂತುಕೊಂಡಿತು. ಇನ್ನು ಪಟ್ಟಿಯಿಂದ ಕನ್ನಡ ಓದುವ ದನಿಯನ್ನು ಆರಿಸುವುದೊಂದೇ ಬಾಕಿ. ಬಾಣದ ಕೀ ಒತ್ತಿದೆ, ಅದು ಹೆಸರು ಓದುವ ಮೊದಲೇ ಅವಸರದಲ್ಲಿ ಎಂಟರ್ ಒತ್ತಿದೆ. ಲ್ಯಾಪ್‌ಟಾಪ್ ಪೂರ್ತಿ ಮೂಕವಾಯಿತು. ಇಂಗ್ಲಿಷ್ ದನಿಯೂ ಇಲ್ಲ.

ಅವನಿಂದ ಮೊಬೈಲ್ ಇಸಿದುಕೊಂಡು ಗೆಳೆಯನಿಗೆ ಫೋನ್ ಮಾಡಿದೆ. ಬ್ಯಾಂಕಿನ ಕೆಲಸದ ಹೊತ್ತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಆಗ ನಾನು ಮನಸ್ಸಿನಲ್ಲಿ ಸೋತೆ. ನಾಳೆ ಯಾರು ಬರೆದುಕೊಡಬಹುದು, ಆಯಿಗೆ ಏನೆಂದು ಹೇಳುವುದು ಎಂಬಲ್ಲಿಗೆ ಯೋಚನೆ ಹೋಗಿಬಿಟ್ಟಿತ್ತು.

"ಒಂದು ಮಾತು ಹೇಳ್ಲಾ ಮೇಡಮ್?" ನನ್ನ ಬೆನ್ನ ಹಿಂದಿನಿಂದ ಅವನು ಕೇಳಿದ. "ನಾನೇನೂ ಮುಟ್ಟೂದಿಲ್ಲ. ಪರದೆ ಮೇಲೆ ಇರೂದನ್ನ ಓದ್ತೇನೆ ಅಷ್ಟೇ."

"ಓದಿ."

"ಒಂದು ಚೌಕ ಇದೆ. ಅದರಲ್ಲಿ 'ನೋ ಸ್ಪೀಚ್' ಅಂತ ಇದೆ."

ಮಾತು ಬೇಡ ಎನ್ನುವುದೂ ಆ ಪಟ್ಟಿಯಲ್ಲಿ ಒಂದು ಆಯ್ಕೆ. ಬೆವರಿದ ಬೆರಳು ಒಂದು ಮನೆ ಹೆಚ್ಚಿಗೆ ಇಳಿದು ಅದರ ಮೇಲೆ ಕೂತುಬಿಟ್ಟಿತ್ತು. "ನಾನು ಮೇಲಿನ ಬಾಣ ಒತ್ತಿದಾಗ ಏನು ಬಂತು ಹೇಳಿ," ಎಂದೆ. ಒತ್ತಿದೆ. ಅವನು ಓದಿದ. ಅದೇ ನನಗೆ ಬೇಕಾದದ್ದು. ಎಂಟರ್ ಹೊಡೆದೆ. ದನಿ ಬಂತು. ಒಂದು ಖಾಲಿ ಕಡತ ತೆರೆದು ನನ್ನ ಊರಿನ ಹೆಸರು ಬರೆದೆ. ಶಿ, ರ, ಸಿ ಎಂದು ಒಂದೊಂದೇ ಹೇಳಿ, ಆಮೇಲೆ ಕೂಡಿಸಿ "ಶಿರಸಿ" ಎಂದಿತು.

ಅವನು ನಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. "ಇದರ ಹೆಸರೆಂತ ಮೇಡಮ್? ಬರ್ಕೊಂಡಿರ್ತೇನೆ. ಇನ್ನೊಬ್ಬರದ್ದು ತೆಗೆಯೂದು ಬೇಡ," ಎಂದ. ಹೇಳಿದೆ. ಅಂಗಡಿಗೆ ಕದ ಎಳೆದು, ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಸಿದ್ದಾಪುರದ ಬಸ್ಸು ಹೊರಟು ನಿಂತಿತ್ತು. ಕಂಡಕ್ಟರಿಗೆ ಕೂಗಿ ನಿಲ್ಲಿಸಿದವನೂ ಅವನೇ.

ಬಸ್ಸಿನಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವುಚಿಕೊಂಡಿದ್ದೆ. ಪ್ರತಿ ತಿರುವಿನಲ್ಲೂ ಅದರೊಳಗೆ ಏನೋ ಸಡಿಲಾಯಿತು ಎನ್ನಿಸುತ್ತಿತ್ತು. ಗೆಳೆಯ ಆಗ ಫೋನ್ ಮಾಡಿದ. ಆದದ್ದನ್ನೆಲ್ಲ ಕೇಳಿ, "ಬಾಜೂಕ ಕುಂತಿದ್ದಿ, ಆದ್ರೂ ತಗದಾ?" ಎಂದ.

ಕೇಂದ್ರದಲ್ಲಿ ಪರೀಕ್ಷೆಯ ಮುಖ್ಯಸ್ಥೆ ಬೀಗದಕೈ ಗೊಂಚಲು ಹಿಡಿದು ಹೊರಟಿದ್ದರು. ಆ ಗೊಂಚಲಿನ ಸದ್ದು ಕೇಳಿಯೇ ನಾನು ಓಡುವ ಹಾಗೆ ನಡೆದದ್ದು. ಅವರು ಮತ್ತೆ ಬಾಗಿಲು ತೆಗೆದರು. ಆದರೆ ಬೇಸರ ಮುಚ್ಚಿಡಲಿಲ್ಲ.

"ಇದು ಮಾತಾಡ್ತದೆ ಅಂತೀರಿ. ಉತ್ತರವನ್ನೂ ಹೇಳಿಕೊಡೂದಿಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಹೆಡ್‌ಫೋನನ್ನು ಅವರ ಕೈಗೆ ಕೊಟ್ಟು, ದನಿಯ ವೇಗ ತಗ್ಗಿಸಿದೆ. ಒಂದು ವಾಕ್ಯ ಬರೆದೆ, ಬೇಕೆಂದೇ ಒಂದು ಅಕ್ಷರ ತಪ್ಪಿಸಿದೆ. "ಏನು ಕೇಳ್ತು?" ಎಂದೆ.

"ತಪ್ಪನ್ನೂ ತಪ್ಪಾಗಿಯೇ ಓದ್ತಲ್ಲ," ಎಂದರು.

"ಅಷ್ಟೇ ಮೇಡಮ್ ಅದಕ್ಕೆ ಬರೂದು. ನಾನು ಬರೆದದ್ದನ್ನ ನನಗೇ ಹೇಳ್ತದೆ."

ಅವರು ಇನ್ನೂ ಒಂದೆರಡು ಸಲ ಬರೆಸಿ ಕೇಳಿದರು. ಇಂಟರ್ನೆಟ್ ಬಂದ್ ಮಾಡಿಸಿದರು, ಒಳಗಿನ ಕಡತಗಳನ್ನು ತೆರೆಯಲಾಗದಂತೆ ಪರೀಕ್ಷೆಗೆಂದೇ ಲ್ಯಾಪ್‌ಟಾಪಿನಲ್ಲಿ ಬೇರೆ ಲಾಗಿನ್ ಖಾತೆ ಮಾಡಿಸಿದರು. ಆಮೇಲೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ರಾತ್ರಿ ನಾನು ಸಿದ್ದಾಪುರದಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ನಿದ್ದೆ ಬಂದದ್ದು ಕಡಿಮೆ.

ಮರುದಿನ ನನಗೆಂದು ಬೇರೆ ಕೋಣೆ ಕೊಟ್ಟಿದ್ದರು. ಪ್ರಶ್ನೆಗಳನ್ನು ಒಬ್ಬ ಉಪನ್ಯಾಸಕಿ ಓದಿ ಹೇಳಿ ದೂರ ಹೋಗಿ ಕೂತರು. ಗುಂಡಿ ಒತ್ತಿ ದನಿಗೆ ಕಾದೆ. ಬಂತು. ಮೊದಲ ಉತ್ತರದ ಎರಡನೇ ವಾಕ್ಯ ನನಗೆ ಸರಿಕಾಣಲಿಲ್ಲ. ಹಿಂದೆಲ್ಲ ಬರೆದುಕೊಡುವವರಿಗೆ, ಇದನ್ನು ಹೊಡೆದು ಹಾಕಿ ಎನ್ನುವಾಗ ಅವರ ಪೆನ್ನು ಒಂದು ಗಳಿಗೆ ನಿಲ್ಲುವುದು ನನಗೆ ಕೇಳುತ್ತಿತ್ತು. ಆ ಸಂಕೋಚಕ್ಕೇ ಎಷ್ಟೋ ಕೆಟ್ಟ ವಾಕ್ಯಗಳನ್ನು ಹಾಗೇ ಬಿಟ್ಟು ಬಂದಿದ್ದೇನೆ. ಇವತ್ತು ಅಳಿಸಿದೆ. ಮತ್ತೆ ಬರೆದೆ, ಅದನ್ನೂ ಅಳಿಸಿದೆ. ಯಾರೂ ನಿಟ್ಟುಸಿರು ಬಿಡಲಿಲ್ಲ. ಹೀಗೆ ಅಳಿಸುತ್ತ ಕೂತು ಕೊನೆಯ ಪ್ರಶ್ನೆಗೆ ಹೊತ್ತು ಸಾಲದೆ, ಅರ್ಧ ಉತ್ತರವನ್ನಷ್ಟೇ ಬರೆದೆ.

ಅಂಕ ಬಂದಾಗ ನೋಡಿದರೆ ಹಿಂದಿನ ಪತ್ರಿಕೆಗಳಿಗಿಂತ ಹೆಚ್ಚೇನೂ ಇರಲಿಲ್ಲ, ತುಸು ಕಡಿಮೆಯೇ. ಆಯಿ ಅಂಕಪಟ್ಟಿಯ ಹಾಳೆಯನ್ನು ಓದಿ, "ಮತ್ತೆ ಇಷ್ಟೆಲ್ಲ ಒದ್ದಾಡಿದ್ದು ಎಂತಕ್ಕೆ?" ಎಂದು ಕೇಳಿದಳು.

"ಈ ಅಂಕ ಪೂರ್ತಿ ನಂದೇಯ, ಅದಕ್ಕೆ," ಎಂದೆ. ಅವಳು ಆ ಹಾಳೆಯನ್ನು ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ ಓದಿದಳು.