ಬೈಂಡರ್ ಬಿಟ್ಟುಬಂದ ನಾಲ್ಕನೆಯ ಭಾಗ

ನನ್ನ ಸ್ನೇಹಿತ ಕಳೆದ ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಮನೆಯಲ್ಲಿ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಐವತ್ತೆಂಟು. ಎಲ್ಲರೂ ಅವನನ್ನು ಬೈಂಡರ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಮುದ್ರಣಾಲಯದ ಹಿಂದಿನ ಒಂದೇ ಕೋಣೆಯಲ್ಲಿ ಮೂವತ್ತೆರಡು ವರ್ಷ ಪುಸ್ತಕ ಹೊಲಿದ. ಅಂಟಿನ ಡಬ್ಬಿ, ಮೇಣ ಹಚ್ಚಿದ ದಾರ, ಹಾಳೆಗಳನ್ನು ಅದುಮುವ ಕಬ್ಬಿಣದ ಪ್ರೆಸ್ಸು, ಇಷ್ಟೇ ಆಸ್ತಿ. ಸಾವಿರಾರು ಪುಸ್ತಕ ಕೈಯಲ್ಲಿ ಹಾದುಹೋದರೂ ಒಂದನ್ನೂ ಪೂರ್ತಿ ಓದಿದವನಲ್ಲ. ಹದಿನಾರು ಪುಟಗಳ ಕಟ್ಟುಗಳನ್ನು ಕ್ರಮವಾಗಿ ಜೋಡಿಸುವಾಗ ಒಂದರ ಕೊನೆಯ ಸಾಲು, ಮುಂದಿನದರ ಮೊದಲ ಸಾಲು ಓದುತ್ತಿದ್ದ, ಅಷ್ಟೇ. ‘ಪುಟದ ನಂಬರ್ ತಪ್ಪಿರಬಹುದು. ಮಾತಿಗೆ ಮಾತು ಕೂಡಿದ್ರೆ ಕಟ್ಟು ಸರಿ’ ಎನ್ನುತ್ತಿದ್ದ.

ಹೋದ ತಿಂಗಳು ನಾವು ನಾಲ್ವರು ಗಡಿ ದಾಟಿ, ಪರದೇಶದ ಒಂದು ಸರೋವರದ ದಡದಲ್ಲಿ ಹತ್ತು ದಿನ ಡೇರೆ ಹಾಕಿ ಇದ್ದು ಬಂದೆವು: ಅವನು, ನಾನು ಅತ್ತಿಗೆ ಎನ್ನುವ ಅವನ ಹೆಂಡತಿ, ಇಪ್ಪತ್ತರ ಮಗಳು, ನಾನು. ಕಾರು ನನ್ನದು, ಡೇರೆ ಅತ್ತಿಗೆಯ ಅಣ್ಣನದು. ಆಸೆ ಮಾತ್ರ ಬೈಂಡರನದು. ಅದಕ್ಕೆ ಕಾರಣವಿತ್ತು. ಮಗಳು ನರ್ಸಿಂಗ್ ಓದನ್ನು ಎರಡನೆಯ ವರ್ಷಕ್ಕೆ ಬಿಟ್ಟಾಗ ಅವನು ‘ಕೈ ಹಾಕಿದ್ದನ್ನೆಲ್ಲ ಅರ್ಧಕ್ಕೆ ಬಿಡ್ತೀಯ ನೀನು’ ಎಂದುಬಿಟ್ಟಿದ್ದ. ಅಂದಿನಿಂದ ಏಳು ತಿಂಗಳು ಅವಳು ಅಪ್ಪನೊಡನೆ ಮಾತು ಬಿಟ್ಟಿದ್ದಳು. ‘ಮನೇಲಿದ್ರೆ ರೂಮಿನ ಬಾಗಿಲು ಹಾಕ್ಕೋತಾಳೆ. ಡೇರೆಗೆ ಬಾಗಿಲಿಲ್ಲವಲ್ಲ’ ಎಂದಿದ್ದ ನನ್ನ ಬಳಿ.

ಅಲ್ಲಿಯೂ ಮಾತು ಅತ್ತಿಗೆಯ ಮೂಲಕವೇ ಓಡಾಡಿತು.

‘ಅಮ್ಮಾ, ಹಗ್ಗ ಸಡಿಲ ಕಟ್ಟಿದಾರೆ ಅಂತ ಹೇಳು.’

ಬೈಂಡರ್ ಎರಡು ಮಾರು ದೂರದಲ್ಲಿ ಹಗ್ಗ ಹಿಡಿದೇ ನಿಂತಿದ್ದ. ‘ಕಟ್ಟೋದು ನನ್ನ ಕಸುಬು ಅಂತ ಅವಳಿಗೆ ಹೇಳೇ.’

‘ಇಬ್ಬರೂ ಸೇರಿ ನನ್ನನ್ನ ಟೆಲಿಫೋನ್ ಕಂಬ ಮಾಡಿದೀರಿ’ ಎಂದರು ಅತ್ತಿಗೆ, ಸ್ಟೌವಿಗೆ ಗಾಳಿ ಹೊಡೆಯುತ್ತ.

ಸಂಜೆ ಗಾಳಿ ಎದ್ದಾಗ ಡೇರೆ ನಮ್ಮ ತಲೆಯ ಮೇಲೇ ಕುಸಿಯಿತು. ಮಗಳು ನಗು ನುಂಗಿಕೊಂಡದ್ದು ನನಗೆ ಕಂಡಿತು.

ಬೆಳಿಗ್ಗೆ ಊರು ನೋಡುತ್ತಿದ್ದೆವು. ಇನ್ನೂರ ಹನ್ನೆರಡು ಮೆಟ್ಟಿಲಿನ ಗಡಿಯಾರದ ಗೋಪುರ, ಕಲ್ಲಿನ ಸೇತುವೆ, ಒಂದು ವಸ್ತುಸಂಗ್ರಹಾಲಯ. ಅಲ್ಲಿ ಗಾಜಿನೊಳಗಿದ್ದ ಹಳೆಯ ಗ್ರಂಥದ ಬೆನ್ನಿನ ಹೊಲಿಗೆ ಕಾಣಲೆಂದು ಬೈಂಡರ್ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಕಾವಲುಗಾರ ಚೆನ್ನಾಗಿ ಬೈದ. ಭಾಷೆ ತಿಳಿಯದ ನಮ್ಮವನು ಅವನಿಗೆ ಥ್ಯಾಂಕ್ಸ್ ಹೇಳಿ ಎದ್ದ.

ಮಧ್ಯಾಹ್ನ ಓದು. ನಾಲ್ವರಿಗೆ ನಾಲ್ಕು ಪುಸ್ತಕ ಹೊರುವುದೇಕೆಂದು ಅವನು ಎಂಟುನೂರು ಪುಟದ ಒಂದು ಕಾದಂಬರಿಯನ್ನು ಬಿಚ್ಚಿ, ನಾಲ್ಕು ಭಾಗ ಮಾಡಿ, ಬೇರೆ ಬೇರೆ ಹೊಲಿದಿದ್ದ. ಒಬ್ಬರು ಮುಗಿಸಿದ್ದು ಇನ್ನೊಬ್ಬರಿಗೆ. ಮಗಳೇ ಎಲ್ಲರಿಗಿಂತ ಮುಂದೆ. ಏಳನೆಯ ದಿನ ಮೂರನೆಯ ಭಾಗ ಮುಗಿಸಿದಾಗ ಕಥಾನಾಯಕಿ ಬಿರುಗಾಳಿಯಲ್ಲಿ ಒಬ್ಬಳೇ ದೋಣಿ ಏರಿದ್ದಳು. ನಾಲ್ಕನೆಯದಕ್ಕೆ ಚೀಲ ತಡಕಿದರೆ ಅದು ಇರಲಿಲ್ಲ. ಅಂಟು ಒಣಗಲೆಂದು ಪ್ರೆಸ್ಸಿನಲ್ಲಿ ಬಿಗಿದವನು ಅಲ್ಲೇ ಮರೆತು ಬಂದಿದ್ದ.

ಅವಳು ಎದ್ದು ನೇರ ಅವನ ಮುಂದೆ ನಿಂತಳು.

‘ಅಪ್ಪ, ಈಗ ಅರ್ಧಕ್ಕೆ ಬಿಟ್ಟಿದ್ದು ಯಾರು?’

ಅತ್ತಿಗೆಯ ಕೈಯ ಸೌಟು ಅಲ್ಲೇ ನಿಂತಿತು. ಬೈಂಡರ್ ಕನ್ನಡಕ ತೆಗೆದ.

‘ನಾನೇ. ಅವತ್ತು ಆಡಿದ್ದೂ ತಪ್ಪು ಕಣೇ. ಆಡಬಾರದಿತ್ತು.’

ಅವಳು ಅವನ ಪಕ್ಕ ಕುಳಿತಳು. ‘ದೋಣಿ ಏರಿದ ಮೇಲೆ ಏನಾಗತ್ತೆ?’

‘ನಾನೆಲ್ಲಿ ಓದಿದೀನಿ? ಮೊದಲ ಸಾಲು, ಕೊನೇ ಸಾಲು ಗೊತ್ತು.’

‘ಅಷ್ಟನ್ನೇ ಹೇಳು.’

ಹೇಳಿದ. ಒಂದು ಕಟ್ಟು ‘ದಡದಲ್ಲಿ ಯಾರೂ ಇರಲಿಲ್ಲ’ ಎಂದು ಶುರುವಾಗುತ್ತಿತ್ತಂತೆ, ‘ಮುದುಕ ದೀಪದ ಬತ್ತಿ ಇಳಿಸಿದ’ ಎಂದು ಮುಗಿಯುತ್ತಿತ್ತಂತೆ. ಆ ಮುದುಕ ಎಲ್ಲಿಂದ ಬಂದ? ಅವಳೊಂದು ಹೇಳಿದಳು, ಅವನು ಅಡ್ಡಬಂದ, ಜಗಳವಾಯಿತು. ಉಳಿದ ಮೂರು ಮಧ್ಯಾಹ್ನ ಅದೇ ನಡೆಯಿತು. ಅದರ ನಡುವೆಯೇ ಒಮ್ಮೆ, ಇಂಜೆಕ್ಷನ್ ಚುಚ್ಚುವಾಗ ತನ್ನ ಕೈ ನಡುಗುತ್ತಿತ್ತು, ಹೇಳಿಕೊಳ್ಳಲು ನಾಚಿಕೆಯಾಗಿ ಓದು ಬಿಟ್ಟೆ ಎಂದಳು. ಅದಕ್ಕೆ ಮಾತ್ರ ಅವನು ಅಡ್ಡಬರಲಿಲ್ಲ.

ಊರಿಗೆ ಮರಳಿ ಅವಳು ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪ ಮಗಳಿಗೆ ಸಿಕ್ಕಿದ್ದು ಮೂರೂವರೆ ವಾರದ ಮಾತು. ಇಷ್ಟೇನಾ ಎಂದು ನಾನು ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟೂ ಸಿಗದೆ ಹೋಗಬಹುದಿತ್ತು. ಕಾರು ಓಡಿಸಲು ನನ್ನನ್ನು ಕರೆದು, ಅದನ್ನು ಕಣ್ಣಾರೆ ನೋಡಗೊಟ್ಟದ್ದಕ್ಕೆ ನಾನು ಅವನಿಗೆ ಋಣಿ.

ಆ ಬುಧವಾರ ಎಂಟಕ್ಕೆ ಸ್ವಲ್ಪ ಮುಂಚೆ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದನಂತೆ. ಮಗಳು ಒಳಗಿನಿಂದ ಬೇಕರಿ ಯಜಮಾನನ ಪ್ರಸಂಗ ಏನೋ ಹೇಳತೊಡಗಿದಳು.

‘ರೀ, ಹೊತ್ತಾಯ್ತು’ ಎಂದರು ಅತ್ತಿಗೆ.

‘ಇರೇ, ಅವಳು ಹೇಳ್ತಿದಾಳೆ’ ಎಂದು ಚಪ್ಪಲಿ ಕಳಚಿ, ಒಳಗೆ ಬಂದು, ಅವಳ ಎದುರಿನ ಕುರ್ಚಿಯಲ್ಲಿ ಕುಳಿತ.